ಗಲ್ಲಾಪೆಟ್ಟಿಗೆಯಿಂದ ಕಂಡ ಕೊರೊನಾ: ಘಾಟ್‌ಕೋಪರಿನ ಒಂದು ಹೋಟೆಲಿನ ಪ್ರಕರಣ ಅಧ್ಯಯನ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಆ ತಿಂಗಳು ಮುಂಬಯಿಯ ಅಂಗಡಿ ಅಂಗಡಿಗೂ ಬಂದಂತೆ ಘಾಟ್‌ಕೋಪರ್ ಪಶ್ಚಿಮದ ಈ ಹೋಟೆಲಿಗೂ ಒಂದು ಕ್ಯೂಆರ್ ಸ್ಟಿಕ್ಕರ್ ಬಂತು. ವಾಲೆಟ್ ಕಂಪೆನಿಯ ಹುಡುಗನೊಬ್ಬ ಅದನ್ನು ಗಲ್ಲೆಯ ಗಾಜಿಗೆ ಅಂಟಿಸಿ, ಮಾಲಕರ ಫೋನಿಗೆ ಆ್ಯಪ್ ಹಾಕಿಕೊಟ್ಟು ಹೋದ. ಮರುವರ್ಷ ಹೊಸ ನೋಟುಗಳು ಕೈತುಂಬ ಓಡಾಡತೊಡಗಿದಾಗ ಸ್ಟಿಕ್ಕರ್ ಮೇಲೆ ಊದುಬತ್ತಿಯ ಮಸಿ ಕೂತಿತು. ಆಮೇಲೆ ಅದರ ಮೇಲೆ ಗಣೇಶೋತ್ಸವದ ವಂತಿಗೆ ರಸೀದಿ ಅಂಟಿಕೊಂಡಿತು. 2020ರಲ್ಲಿ ಅದೇ ಮಾಲಕರು, ಅದೇ ಗಲ್ಲೆಯಲ್ಲಿ ಕೂತು, ಕೆಲವೇ ವಾರಗಳಲ್ಲಿ ಮೊಬೈಲ್ ಪಾವತಿಗೆ ಒಗ್ಗಿಕೊಂಡರು. ಇವತ್ತಿಗೂ ಬಿಟ್ಟಿಲ್ಲ. ಒಮ್ಮೆ ಹಿಡಿಯದ್ದು ಇನ್ನೊಮ್ಮೆ ಹೇಗೆ ಹಿಡಿಯಿತು? ಅದೇ ಕಾಲದಲ್ಲಿ ಬಂದ ಇನ್ನೆಷ್ಟೋ ಹೊಸತುಗಳು ಏಕೆ ನಿಲ್ಲಲಿಲ್ಲ? ಈ ಬರಹ ಹುಡುಕುವುದು ಇದನ್ನು.

ನಾನು ಈ ಹೋಟೆಲಿನ ಲೆಕ್ಕ ಬರೆಯುವವನು. ಜಿಎಸ್‌ಟಿ ರಿಟರ್ನ್ ತುಂಬುವುದು, ಬ್ಯಾಂಕ್ ಪಾಸ್‌ಬುಕ್ಕಿಗೂ ದಿನವಹಿಗೂ ತಾಳೆ ಹಾಕುವುದು ನನ್ನ ಕೆಲಸ. ಹೋಟೆಲಿನ ಹೆಸರಾಗಲಿ ಮಾಲಕರ ಹೆಸರಾಗಲಿ ಬರೆಯುವುದಿಲ್ಲ ಎಂಬ ಮಾತಿನ ಮೇಲೆ ಅವರ ಪುಸ್ತಕಗಳನ್ನು ಇಲ್ಲಿ ಬಳಸಿಕೊಂಡಿದ್ದೇನೆ. ಎಲ್ಲರೂ ಕರೆಯುವಂತೆ ನಾನೂ ಅವರನ್ನು ಶೆಟ್ಟರು ಎನ್ನುತ್ತೇನೆ. ಅಷ್ಟರಿಂದ ಮುಂಬಯಿಯಲ್ಲಿ ಯಾರ ಗುರುತೂ ಸಿಗುವುದಿಲ್ಲ.

ಹೋಟೆಲು ಯಾರಿಂದ ಬದುಕಿತ್ತು

ಘಾಟ್‌ಕೋಪರ್ ಎಂದರೆ ಇಳಿದು ಹತ್ತುವ ಊರು. 2014ರ ಜೂನ್‌ನಲ್ಲಿ ವರ್ಸೋವಾದಿಂದ ಇಲ್ಲಿಗೆ ಮೆಟ್ರೋ ಬಂದ ಮೇಲೆ ಸೆಂಟ್ರಲ್ ಲೈನಿನ ಲೋಕಲ್ ರೈಲಿನಿಂದ ಇಳಿದವರು ಅಂಧೇರಿ ಕಡೆಗೆ ಹೋಗಲು ಇಲ್ಲೇ ಗಾಡಿ ಬದಲಿಸುತ್ತಾರೆ. ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆಯ ಈ ಹೋಟೆಲು ಬದುಕಿದ್ದೇ ಆ ಜನರಿಂದ. ಬೆಳಗ್ಗೆ ಇಡ್ಲಿ, ಮೆದುವಡೆ. ಸಂಜೆ ಪಾವ್‌ಭಾಜಿ, ಮಸಾಲೆ ದೋಸೆ. ಕೂತವರು ಹತ್ತು ಹದಿನೈದು ನಿಮಿಷದಲ್ಲಿ ಏಳಬೇಕು, ಹಿಂದೆ ನಿಂತವರು ಕೂರಬೇಕು. 47 ರೂಪಾಯಿ ಬಿಲ್ಲಿಗೆ 50ರ ನೋಟು ಬಂದರೆ ಮೂರು ರೂಪಾಯಿಗೆ ಚಾಕೊಲೇಟು ಕೊಡುವುದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಹೋಟೆಲಿನ ಹಿಂದಿನ ಗಲ್ಲಿಗಳಲ್ಲಿ ಗುಜರಾತಿಗಳ ದೊಡ್ಡ ದೊಡ್ಡ ಬಿಲ್ಡಿಂಗುಗಳಿವೆ. ಅವರು ಬರುತ್ತಿದ್ದದ್ದು ಭಾನುವಾರ ಮಾತ್ರ, ಕುಟುಂಬ ಸಮೇತ, ಈರುಳ್ಳಿ ಬೆಳ್ಳುಳ್ಳಿ ಹಾಕದ ಜೈನ್ ಪಾವ್‌ಭಾಜಿಗೆ. ಗಲ್ಲೆಯ ಲೆಕ್ಕದಲ್ಲಿ ಅವರು ದೊಡ್ಡ ಗಿರಾಕಿಗಳಾಗಿರಲಿಲ್ಲ.

ಶೆಟ್ಟರದು ಹಗಲು ಕಪ್ಪುಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು. ಹೊಸತು ಕಲಿಯಲು ಹೆದರುವ ಜಾತಿಯವರಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹಳಬರು ಹೊಸ ತಂತ್ರಜ್ಞಾನಕ್ಕೆ ಒಗ್ಗುವುದಿಲ್ಲ ಎಂಬ ಮಾತನ್ನು ಆ ನಾಲ್ಕು ವರ್ಷ ಬ್ಯಾಂಕಿನವರ ಬಾಯಲ್ಲಿ ಸಾಕಷ್ಟು ಕೇಳಿದ್ದೇನೆ. 2016ರ ಸ್ಟಿಕ್ಕರ್ ಸೋತದ್ದಕ್ಕೆ ಶೆಟ್ಟರ ವಯಸ್ಸು ಕಾರಣವಾಗಿರಲಿಲ್ಲ. ವಾಲೆಟ್ಟಿಗೆ ಬಂದ ದುಡ್ಡು ವಾಲೆಟ್ಟಿನಲ್ಲೇ ಕೂರುತ್ತಿತ್ತು. ಅದನ್ನು ಬ್ಯಾಂಕಿಗೆ ಕಳಿಸುವುದು ಇನ್ನೊಂದು ಕೆಲಸ. ತರಕಾರಿಯವನು, ಹಾಲಿನವನು, ಗ್ಯಾಸಿನವನು ಎಲ್ಲರೂ ಕೇಳುತ್ತಿದ್ದದ್ದು ನಗದು. ಗಿರಾಕಿಗೆ ಲೋಕಲ್ ತಪ್ಪಿಸಿಕೊಳ್ಳುವ ಭಯ; ಅವನು ಫೋನು ತೆಗೆದು, ನೆಟ್‌ವರ್ಕಿಗೆ ಕಾಯುವುದುಂಟೇ? ಲೆಕ್ಕ ಹಾಕಿದರೆ ಶೆಟ್ಟರು ಅದನ್ನು ಬಿಟ್ಟದ್ದೇ ಬುದ್ಧಿವಂತಿಕೆ.

ಹಿಟ್ಟು

2020ರ ಮಾರ್ಚ್ 22ರ ಜನತಾ ಕರ್ಫ್ಯೂ ಮುಗಿಯುವಷ್ಟರಲ್ಲಿ ಲೋಕಲ್ ನಿಂತಿತು. 2005ರ ಜುಲೈ 26ರ ಮಳೆಗೂ ಅದು ಅಷ್ಟು ಕಾಲ ನಿಂತಿರಲಿಲ್ಲ. ಮೆಟ್ರೋ ಕೂಡ ಅದೇ ದಿನ ನಿಂತಿತು. 25ರಿಂದ ದೇಶಕ್ಕೆ ದೇಶವೇ ಬಂದ್. ಕೆಲವು ಹುಡುಗರು ಕೊನೆಯ ಗಾಡಿಗಳಲ್ಲಿ ಊರು ಸೇರಿದ್ದರು. ಉಳಿದವರು ಹೋಟೆಲಿನ ಅಟ್ಟದಲ್ಲೇ ಮಲಗಿದ್ದರು: ಇಬ್ಬರು ಕುಂದಾಪುರ ಕಡೆಯವರು, ಮಿಕ್ಕವರು ಝಾರ್ಖಂಡಿನವರು. ಪಾರ್ಸೆಲಿಗೆ, ಮನೆಗೆ ತಲುಪಿಸುವುದಕ್ಕೆ ಸರಕಾರದ ಅಡ್ಡಿ ಇರಲಿಲ್ಲ. ಆದರೆ ಸ್ಟೇಷನ್ನೇ ಖಾಲಿ ಇರುವಾಗ ಪಾರ್ಸೆಲ್ ಯಾರಿಗೆ?

ಏಪ್ರಿಲ್‌ನಲ್ಲಿ ಹಿಂದಿನ ಬಿಲ್ಡಿಂಗಿನ ಒಬ್ಬ ಗೃಹಿಣಿ ಫೋನು ಮಾಡಿದರು. ತಿಂಡಿ ಬೇಡ, ಹೊರಗಿನದು ತಿನ್ನಲು ಹೆದರಿಕೆ. ಇಡ್ಲಿ ಹಿಟ್ಟು ಸಿಗುತ್ತದಾ? ಮನೆಯಲ್ಲಿ ಕುದಿಸಿಕೊಂಡು ತಿಂದರೆ ರೋಗದ ಭಯವಿಲ್ಲ ಎಂಬುದು ಅವರ ತರ್ಕ. ಶೆಟ್ಟರ ಹತ್ತಿರ ಗ್ರೈಂಡರ್ ಇತ್ತು, ಅಕ್ಕಿ ಉದ್ದಿನ ದಾಸ್ತಾನು ಇತ್ತು, ಸುಮ್ಮನೆ ಕೂತ ಭಟ್ಟರಿದ್ದರು. ಮರುದಿನ ಬೆಳಗ್ಗೆ ಕಿಲೋ ಲೆಕ್ಕದ ಪ್ಯಾಕೆಟ್ಟುಗಳು ಸೊಸೈಟಿ ಗೇಟಿನ ಮೇಜಿಗೆ ಹೋದವು. ವಾಚ್‌ಮನ್ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಜನ ಒಬ್ಬೊಬ್ಬರಾಗಿ ಕೆಳಗಿಳಿದು ತೆಗೆದುಕೊಳ್ಳುತ್ತಿದ್ದರು, ಪ್ಲಾಸ್ಟಿಕ್ ಚೀಲದಲ್ಲಿ ದುಡ್ಡು ಇಟ್ಟು ಹೋಗುತ್ತಿದ್ದರು.

ಆ ದುಡ್ಡಿಗೆ ಆದ ಉಪಚಾರವನ್ನು ನೋಡಬೇಕಿತ್ತು. ನಾಣ್ಯಗಳು ಸ್ಟೀಲಿನ ಪಾತ್ರೆಯಲ್ಲಿ ಸೋಪಿನ ನೀರಿಗೆ. ನೋಟುಗಳನ್ನು ಇಡ್ಲಿ ತೆಗೆಯುವ ಚಿಮಟಾದಿಂದ ಎತ್ತಿ, ಅಗಲದ ತಟ್ಟೆಯಲ್ಲಿ ಹರಡಿ, ಎರಡೂ ಬದಿ ಸ್ಯಾನಿಟೈಸರ್ ಹೊಡೆದು, ಅಡುಗೆಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುವುದು. ಹತ್ತು ರೂಪಾಯಿಯ ಹಳೆ ನೋಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಹರಿಯುತ್ತಿದ್ದವು. ಮಿಕ್ಕದ್ದನ್ನು ಶೆಟ್ಟರ ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಇಷ್ಟೆಲ್ಲ ಆಗಿ ಸಂಜೆಗೆ ಲೆಕ್ಕ ಮಾಡಿದರೆ ಎಣಿಸಿದವರ ಕೈ ಮತ್ತೆ ತೊಳೆಯಬೇಕು.

ಭಯವೇ ಇಲ್ಲಿ ಕೆಲಸ ಮಾಡಿದ್ದು ಎಂದು ಇದನ್ನು ನೋಡಿದವರು ಹೇಳಿಯಾರು. ಭಯ ಇತ್ತು, ನಿಜ. ಆದರೆ ಗಮನಿಸಿ: ಭಯ ಶೆಟ್ಟರಿಗೆ ಕಲಿಸಿದ್ದು ನೋಟು ತೊಳೆಯುವುದನ್ನು. ಕ್ಯೂಆರ್ ಕೋಡನ್ನು ಅಲ್ಲ. ಹೆದರಿದ ಮನುಷ್ಯ ಮೊದಲು ಹಳೆಯ ದಾರಿಯನ್ನೇ ಗಟ್ಟಿ ಮಾಡಿಕೊಳ್ಳಲು ನೋಡುತ್ತಾನೆ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಯುಪಿಐಯಲ್ಲಿ 2020ರ ಮಾರ್ಚ್‌ನಲ್ಲಿ ಸುಮಾರು 125 ಕೋಟಿ ವಹಿವಾಟು ನಡೆದಿತ್ತು. ಎಲ್ಲರೂ ಅತಿ ಹೆಚ್ಚು ಹೆದರಿದ್ದ ಏಪ್ರಿಲ್‌ನಲ್ಲಿ ಅದು 100 ಕೋಟಿಗೆ ಇಳಿಯಿತು, ಅಂಗಡಿಗಳೇ ಮುಚ್ಚಿದ್ದವಲ್ಲ. ಇನ್ನೊಂದು ಕಡೆ ಜನ ನಗದು ಕೂಡಿಟ್ಟರು. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2020–21ರಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಶೇ. 16.8ರಷ್ಟು ಏರಿತು. ನೋಟಿಗೆ ಹೆದರಿದವರೇ ಬೀರುವಿನಲ್ಲಿ ನೋಟು ತುಂಬಿಕೊಂಡರು.

ಮೊಬೈಲ್ ಪಾವತಿಯ ಬೇಡಿಕೆ ಬಂದದ್ದು ಗೇಟಿನ ಆಚೆಯಿಂದ. ಹಿಟ್ಟು ಒಯ್ಯುತ್ತಿದ್ದ ಗೃಹಿಣಿಯರಿಗೆ ಚಿಲ್ಲರೆ ಹುಡುಕುವುದೇ ತಲೆನೋವಾಗಿತ್ತು, ಎಟಿಎಂಗೆ ಹೋಗುವಂತಿರಲಿಲ್ಲ. ನಂಬರ್ ಕೊಡಿ ಎಂದರು. ಶೆಟ್ಟರು ಒಪ್ಪಲಿಲ್ಲ.

"ಬ್ಯಾಂಕಿಗೆ ಹೋದ ದುಡ್ಡು ನನ್ನ ಕೈಗೆ ಸಿಗ್ಲಿಕ್ಕೆ ಉಂಟಾ ಮಾರಾಯ್ರೇ? ನಾಳೆ ಬೆಳಿಗ್ಗೆ ಬಟಾಟೆಯವನಿಗೆ ಎಂತ ಕೊಡುವುದು?" ಎಂದು ನನಗೇ ಫೋನು ಮಾಡಿ ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಇನ್ನೊಂದು ಅಳುಕನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಲೆಕ್ಕ ಬರೆಯುವವನಿಗೆ ಹೇಳದೆಯೇ ಗೊತ್ತಾಗುತ್ತದೆ: ಬ್ಯಾಂಕಿನಲ್ಲಿ ಬಿದ್ದ ಪ್ರತಿ ರೂಪಾಯಿಗೂ ತಾರೀಖು ಇರುತ್ತದೆ. ಸಣ್ಣ ವ್ಯಾಪಾರಿಗಳು ನಗದಿಗೆ ಅಂಟಿಕೊಳ್ಳುವುದರ ಅರ್ಧ ಕಾರಣ ಇದು. ತಂತ್ರಜ್ಞಾನದ ಬಗ್ಗೆ ಭಾಷಣ ಮಾಡುವವರು ಇದನ್ನು ಮಾತ್ರ ಎತ್ತುವುದಿಲ್ಲ.

ಗಂಟು ಬಿಚ್ಚಿದ್ದು ಬಟಾಟೆಯವನೇ. ಮೇ ತಿಂಗಳಲ್ಲಿ ವಾಶಿಯ ಎಪಿಎಂಸಿ ಮಾರುಕಟ್ಟೆ ಕೆಲವು ದಿನ ಬಾಗಿಲು ಹಾಕಿತು. ಮತ್ತೆ ತೆರೆದಾಗ ಆ ವ್ಯಾಪಾರಿ ಟೆಂಪೋದವನ ಕೈಯಲ್ಲಿ ನಗದು ಕಳಿಸಬೇಡಿ, ಖಾತೆಗೆ ಹಾಕಿ ಎಂದ. ನಗದಿನ ಭಯಕ್ಕಿಂತಲೂ, ಅವನ ಹುಡುಗರೆಲ್ಲ ಊರಿಗೆ ಹೋಗಿ ವಸೂಲಿಗೆ ಜನವಿರಲಿಲ್ಲ. ಈಗ ದುಡ್ಡು ಹಿಟ್ಟಿನವರಿಂದ ಶೆಟ್ಟರ ಖಾತೆಗೆ, ಅಲ್ಲಿಂದ ಬಟಾಟೆಯವನ ಖಾತೆಗೆ, ಕೈಗೆ ಬಾರದೆಯೇ ಹರಿಯುವ ದಾರಿಯಾಯಿತು. ಯುಪಿಐ ಆದ್ದರಿಂದ ನೇರ ಬ್ಯಾಂಕಿಗೆ. ನಡುವೆ ವಾಲೆಟ್ ಇಲ್ಲ. 2020ರ ಜನವರಿ 1ರಿಂದ ವ್ಯಾಪಾರಿಗೆ ಅದರ ಮೇಲೆ ಶುಲ್ಕವೂ ಇರಲಿಲ್ಲ. ಎರಡೂ ತುದಿ ಸೇರಿದ ಮೇಲೆ ಶೆಟ್ಟರ ಪ್ರತಿರೋಧ ಒಂದು ವಾರವೂ ಉಳಿಯಲಿಲ್ಲ. ಕೊನೆಯವರೆಗೆ ಹಟ ಹಿಡಿದವನು ಹಾಲಿನವನು. ಅವನಿಗೋಸ್ಕರ ಗಲ್ಲೆಯಲ್ಲಿ ಒಂದು ಡಬ್ಬ ನಗದು ಈಗಲೂ ಇರುತ್ತದೆ.

ಅಳಿಯನ ಫಾರ್ಮು ಮತ್ತು ಮಾವನ ಧ್ವನಿ

ಶೆಟ್ಟರ ಅಕ್ಕನ ಮಗ ಬಿ.ಕಾಂ. ವಿದ್ಯಾರ್ಥಿ, ಕಾಲೇಜು ಮುಚ್ಚಿದ್ದರಿಂದ ಹೋಟೆಲಿನಲ್ಲೇ ಇದ್ದ. ಹಿಟ್ಟಿನ ಆರ್ಡರು ಹೆಚ್ಚಾದಾಗ ಚೆಂದದ ಗೂಗಲ್ ಫಾರ್ಮ್ ಮಾಡಿದ: ಹೆಸರು, ವಿಂಗ್, ಫ್ಲಾಟ್ ನಂಬರ್, ಎಷ್ಟು ಕಿಲೋ. ಬಿಲ್ಡಿಂಗಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ. ತುಂಬಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅದೇ ಗುಂಪಿನಲ್ಲಿ ಗುಜರಾತಿ ಮಿಶ್ರಿತ ಹಿಂದಿಯಲ್ಲಿ ಧ್ವನಿ ಸಂದೇಶ ಬಿಡತೊಡಗಿದರು.

ಅಳಿಯ ತಲೆ ಚಚ್ಚಿಕೊಂಡ. ಮಾವನಿಗೆ ಮಾತ್ರ ಇದು ವರವಾಯಿತು. ಶೆಟ್ಟರಿಗೆ ಗುಜರಾತಿ ಓದಲು ಬಾರದು, ಇಂಗ್ಲಿಷ್ ಟೈಪು ಮಾಡುವುದು ನಿಧಾನ. ಆದರೆ ಹತ್ತಾರು ವರ್ಷ ಗಲ್ಲೆಯಲ್ಲಿ ಕೂತು "ದೋ ಇಡ್ಲಿ, ಏಕ್ ಚಾಯ್" ಎಂಬ ಕೂಗುಗಳನ್ನು ಕಿವಿಯಿಂದಲೇ ಹಿಡಿದು ಬಿಲ್ಲು ಬರೆದವರು. ಬೆಳಗ್ಗೆ ಐದಕ್ಕೆ ಎದ್ದು, ಫೋನನ್ನು ಕಿವಿಗೆ ಹಿಡಿದು ಸಂದೇಶಗಳನ್ನು ಒಂದೊಂದಾಗಿ ಕೇಳುತ್ತ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕನ್ನಡದಲ್ಲಿ ಪಟ್ಟಿ ಬರೆಯುತ್ತಿದ್ದರು. ಆ ಹಾಳೆಗಳು ನನ್ನ ಕಡತದಲ್ಲಿವೆ. "ಬಿ ವಿಂಗ್ ಮೇಲಿನ ಬೆಹೆನ್ 2 ಕಿಲೊ, ಹುಳಿ ಬೇಡ" ಎಂಬಂಥ ಸಾಲುಗಳು. ಹುಳಿ ಬೇಡ ಎಂಬುದನ್ನು ಬರೆಯಲು ಅಳಿಯನ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಆ ಅಳಿಯನ ಲ್ಯಾಪ್‌ಟಾಪಿಗೆ ಬೇರೆ ಕೆಲಸವೂ ಬಂತು. ಕುಂದಾಪುರದ ಹುಡುಗರು ಊರಿಗೆ ಹೋಗಬೇಕೆಂದರು. ಕರ್ನಾಟಕಕ್ಕೆ ಹೋಗಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಒಬ್ಬನಿಗೆ ತುಂಬಿಕೊಟ್ಟದ್ದೇ ತಡ, ಘಾಟ್‌ಕೋಪರ್, ವಿಕ್ರೋಲಿ, ಭಾಂಡುಪ್‌ನ ಪರಿಚಯದವರೆಲ್ಲ ಫೋನು ಮಾಡಿದರು. ಮೇ 18ರಿಂದ ತಿಂಗಳ ಕೊನೆಯವರೆಗೆ ಮಹಾರಾಷ್ಟ್ರದವರಿಗೆ ಕರ್ನಾಟಕ ಬಾಗಿಲು ಹಾಕಿದಾಗ ಅರ್ಧಕ್ಕರ್ಧ ಜನ ಇಲ್ಲೇ ಉಳಿದರು. ಮೊದಲೇ ಹೋದವರು ಉಡುಪಿ ಜಿಲ್ಲೆಯಲ್ಲಿ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಆದರು; ಮುಂಬಯಿಯಿಂದ ಬಂದವರೆಂದರೆ ಊರಿನವರು ದೂರ ನಿಲ್ಲುತ್ತಿದ್ದ ಕಾಲ ಅದು. ಪೋರ್ಟಲನ್ನು ಅಷ್ಟು ಜನ ಬಳಸಿದರು. ಊರು ಮುಟ್ಟಿದ ಮೇಲೆ ಅದರ ಪಾಸ್‌ವರ್ಡು ಒಬ್ಬರಿಗೂ ನೆನಪಿಲ್ಲ. ನಾಳೆ ಮತ್ತೆ ತೆರೆಯಬೇಕಾದ ಕಾರಣ ಇಲ್ಲದ್ದು ಎಷ್ಟೇ ದೊಡ್ಡ ಅಗತ್ಯವಾಗಿದ್ದರೂ ಅಭ್ಯಾಸವಾಗುವುದಿಲ್ಲ. ಸೋಂಕಿತರ ಹತ್ತಿರ ಹೋಗಿದ್ದರೆ ಎಚ್ಚರಿಸುವ ಆರೋಗ್ಯ ಸೇತು ಆ್ಯಪಿನ ಕಥೆಯೂ ಇದೇ. 2020ರ ಏಪ್ರಿಲ್ 2ರಂದು ಬಿಡುಗಡೆಯಾದ ಅದು ಎರಡು ವಾರದೊಳಗೆ 5 ಕೋಟಿ ಫೋನುಗಳಿಗೆ ಇಳಿಯಿತು. ಹೋಟೆಲಿನ ಎಲ್ಲರ ಫೋನಿನಲ್ಲೂ ಇತ್ತು. ಬ್ಲೂಟೂತ್ ಹಾಕಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆಂದು ಎಲ್ಲರೂ ಆರಿಸಿಟ್ಟಿದ್ದರು.

ಝಾರ್ಖಂಡಿನ ಹುಡುಗರ ದಾರಿ ಬೇರೆ. ಅವರು ಮೊದಲು ಊರಿಗೆ ದುಡ್ಡು ಕಳಿಸುತ್ತಿದ್ದದ್ದು ಗಲ್ಲಿಯ ಮೊಬೈಲ್ ಅಂಗಡಿಯವನ ಮೂಲಕ, ಸಾವಿರಕ್ಕೆ ಇಷ್ಟೆಂದು ಕಮಿಷನ್ ಕೊಟ್ಟು. ಆ ಅಂಗಡಿ ಮುಚ್ಚಿತು. ಅದೇ ಹೊತ್ತಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ಮಹಿಳೆಯರ ಜನಧನ ಖಾತೆಗೆ ಕೇಂದ್ರ ಸರಕಾರ ತಿಂಗಳಿಗೆ 500 ರೂಪಾಯಿ ಹಾಕಿತು. ಒಬ್ಬ ಹುಡುಗನ ಹೆಂಡತಿ ವರ್ಷಗಟ್ಟಲೆ ಮರೆತಿದ್ದ ಖಾತೆಯ ಪುಸ್ತಕ ಹುಡುಕಿ ತೆಗೆದಳು, ಹಣ ಬಂದಿದೆಯೇ ಎಂದು ನೋಡಲು ಕಲಿತಳು. ಆ ಕಡೆ ಖಾತೆಗೆ ಜೀವ ಬಂದದ್ದರಿಂದ ಈ ಕಡೆ ಅವನು ಯುಪಿಐ ಕಲಿತ. ಅವನನ್ನು ನೋಡಿ ಅಟ್ಟದ ಮಿಕ್ಕವರು. ಕಮಿಷನ್ ಉಳಿಯಿತಲ್ಲ, ಅಂಗಡಿ ಮತ್ತೆ ತೆರೆದರೂ ಯಾರೂ ಆ ಕಡೆ ಹೋಗಲಿಲ್ಲ.

ಅಕ್ಟೋಬರ್ 5

2020ರ ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಅರ್ಧ ಆಸನಗಳೊಂದಿಗೆ ಹೋಟೆಲಿನೊಳಗೆ ಕೂತು ತಿನ್ನಲು ಅನುಮತಿ ಸಿಕ್ಕಿತು. ಅದರ ಜತೆಗೆ ಒಂದು ರಾಶಿ ಹೊಸ ವಸ್ತುಗಳು ಹೋಟೆಲಿಗೆ ನುಗ್ಗಿದವು: ಹಣೆಗೆ ಹಿಡಿಯುವ ಜ್ವರದ ಗನ್ನು, ಬಂದವರ ಹೆಸರು ಬರೆಯುವ ರಿಜಿಸ್ಟರು, ಮೇಜಿನ ನಡುವೆ ಪ್ಲಾಸ್ಟಿಕ್ ಪರದೆ, ಕೈಗವಸು, ಮೇಜಿಗೊಂದು ಕ್ಯೂಆರ್ ಮೆನು.

ಗನ್ನು ಮತ್ತು ರಿಜಿಸ್ಟರಿನ ಆಯುಷ್ಯವನ್ನು ತೀರ್ಮಾನಿಸಿದ್ದು ಪಾಲಿಕೆಯ ಇನ್‌ಸ್ಪೆಕ್ಟರು. ಅವರು ಬರುತ್ತಿದ್ದಷ್ಟು ಕಾಲ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. ರಿಜಿಸ್ಟರಿನ ಕೊನೆಕೊನೆಯ ಪುಟಗಳಲ್ಲಿ ಎಲ್ಲರ ಉಷ್ಣತೆಯೂ ಒಂದೇ ಆಗಿತ್ತು. ಮಾಸ್ಕು ಅದಕ್ಕಿಂತ ಹೆಚ್ಚು ಬಾಳಿತು, ರಸ್ತೆಯಲ್ಲಿ 200 ರೂಪಾಯಿ ದಂಡವಿತ್ತು. 2022ರ ಏಪ್ರಿಲ್ 2ರಂದು ಕಡ್ಡಾಯ ತೆಗೆದ ಮರುದಿನ ಅಡುಗೆಮನೆಯಲ್ಲಿ ಒಂದು ಮಾಸ್ಕೂ ಕಾಣಲಿಲ್ಲ. ಪರದೆಗಳು ಸಾಂಬಾರಿನ ಹಬೆಗೆ ಮಬ್ಬಾಗಿ ಅಟ್ಟ ಸೇರಿದವು.

ಕ್ಯೂಆರ್ ಮೆನುವಿನ ಸೋಲು ಸ್ವಾರಸ್ಯದ್ದು. ಪಾವತಿಯದೂ ಇದರದೂ ತಂತ್ರ ಒಂದೇ, ಬಳಸುವ ಕೈಯೂ ಅದೇ. ಆದರೂ ಒಂದು ಉಳಿಯಿತು, ಒಂದು ಹೋಯಿತು. ಮೆನುವಿನಿಂದ ಲಾಭ ಮಾಲಕರಿಗೆ ಮಾತ್ರ: ಬೆಲೆ ಏರಿಸಿದಾಗ ಹೊಸದಾಗಿ ಅಚ್ಚು ಹಾಕಿಸಬೇಕಿಲ್ಲ. ಗಿರಾಕಿಗೆ ಅದು ಬರೀ ಕಾಟ. ಉಡುಪಿ ಹೋಟೆಲಿನಲ್ಲಿ ಮೆನು ಕಾರ್ಡನ್ನು ಅಷ್ಟಾಗಿ ಯಾರು ಓದುತ್ತಾರೆ? ವೇಟರ್ ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಪೈನಾಪಲ್ ಶೀರಾದವರೆಗೆ ಹೇಳಿ ಮುಗಿಸುತ್ತಾನೆ, ನಡುವೆ ಬೆಣ್ಣೆ ಹಾಕಿದ್ದನ್ನು ಒತ್ತಿ ಹೇಳುತ್ತಾನೆ. ವೇಟರಿಗೂ ಆ ಮೆನು ಬೇಡವಾಗಿತ್ತು. ಯಾರೂ ಅದರ ಪರ ನಿಲ್ಲಲಿಲ್ಲ.

ಪಾವತಿಯ ಕ್ಯೂಆರ್ ಕೂಡ ಹೋಟೆಲಿನೊಳಗೆ ಸುಲಭವಾಗಿ ನಡೆಯಲಿಲ್ಲ. ಹಿಟ್ಟಿನ ಗಿರಾಕಿ ಮನೆಯವರಂತೆ, ನಾಳೆಯೂ ಸಿಗುತ್ತಾರೆ. ಸ್ಟೇಷನ್ನಿನ ಗಿರಾಕಿ ತಿಂದು, ಫೋನಿನ ಹಸಿರು ಗುರುತು ತೋರಿಸಿ ಹೊರಟರೆ ಮುಗಿಯಿತು. ಹಿಂದಿನ ದಿನದ ಸ್ಕ್ರೀನ್‌ಶಾಟ್ ತೋರಿಸಿ ಹೋದವರಿದ್ದರು, ಪಾವತಿಯಾದಂತೆ ನಟಿಸುವ ನಕಲಿ ಆ್ಯಪು ತಂದವರೂ ಇದ್ದರು. ಬ್ಯಾಂಕಿನ ಎಸ್ಸೆಮ್ಮೆಸ್ ಶೆಟ್ಟರ ಫೋನಿಗೆ ಬರುವುದು, ಅದೂ ಕೆಲವೊಮ್ಮೆ ತಡವಾಗಿ; ಗಲ್ಲೆಯಲ್ಲಿ ಅಳಿಯನೋ ವೇಟರುಗಳ ಮುಖ್ಯಸ್ಥ ಕ್ಯಾಪ್ಟನ್ನೋ ಕೂತಿದ್ದರೆ ಅವರಿಗೆ ತಿಳಿಯುವುದು ಹೇಗೆ? ಆ ತಿಂಗಳುಗಳ ದಿನವಹಿಯಲ್ಲಿ ಬ್ಯಾಂಕಿಗೂ ಬಿಲ್ಲಿಗೂ ಬಿದ್ದ ವ್ಯತ್ಯಾಸ ಹೊಂದಿಸಲು ನಾನು ಪಟ್ಟ ಪಾಡು ಸಾಕಷ್ಟಿದೆ. ನಗದಿಗೆ ಮರಳುವ ಮಾತು ಶೆಟ್ಟರ ಬಾಯಲ್ಲಿ ಮತ್ತೆ ಬಂದಿತ್ತು.

ಅದನ್ನು ತಡೆದದ್ದು ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬ, ಸೌಂಡ್‌ಬಾಕ್ಸ್. ಶೆಟ್ಟರು ಅಭಿಮಾನದಿಂದ ಕನ್ನಡದಲ್ಲಿ ಹಾಕಿಸಿದರು. ಎರಡು ದಿನಕ್ಕೇ ವೇಟರುಗಳು ತಕರಾರು ತೆಗೆದರು: ನಲವತ್ತೇಳು ಎಂದರೆ ಝಾರ್ಖಂಡಿನವನಿಗೆ ಏನು ಗೊತ್ತು? ಹಿಂದಿಗೆ ಬದಲಾಯಿತು. ಆಮೇಲೆ ಗಲ್ಲೆಯಲ್ಲಿ ಕೂತವನು, ತಟ್ಟೆ ಎತ್ತುವವನು, ಬಾಗಿಲಲ್ಲಿ ನಿಂತವನು, ಕೊಟ್ಟ ಗಿರಾಕಿ, ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಅಂಕಿಯನ್ನು ಕೇಳತೊಡಗಿದರು. ನಗದಿನಲ್ಲಿ ನೋಟು ಕೈ ಬದಲಾಗುವುದನ್ನು ಎಲ್ಲರೂ ನೋಡುತ್ತಾರೆ. ಆ ಸಾಕ್ಷಿ ಮೊಬೈಲ್ ಪಾವತಿಯಲ್ಲಿ ಕಳೆದುಹೋಗಿತ್ತು, ಡಬ್ಬ ಅದನ್ನು ಕಿವಿಗೆ ತಂದುಕೊಟ್ಟಿತು. ಇಡೀ ಪ್ರಕರಣದಲ್ಲಿ ನನ್ನ ಮಟ್ಟಿಗೆ ಇದೇ ತಿರುವು. ಕ್ಯೂಆರ್ ಬಂದದ್ದು ಕೊರೊನಾದಿಂದ ಇರಬಹುದು, ನಿಂತದ್ದು ಈ ಡಬ್ಬದಿಂದ. ದೇಶದಲ್ಲಿ ಯುಪಿಐ ವಹಿವಾಟು ಆ ಅಕ್ಟೋಬರ್‌ನಲ್ಲಿ 200 ಕೋಟಿ ದಾಟಿತು. ಮಾಸ್ಕು ಮರೆತು ವರ್ಷ ಕಳೆದಿದ್ದ 2023ರ ಆಗಸ್ಟ್‌ನಲ್ಲಿ 1,000 ಕೋಟಿ ದಾಟಿತು. ರೋಗದ ಭಯವೇ ಕಾರಣವಾಗಿದ್ದರೆ ಈ ಗೆರೆ ಇಳಿಯಬೇಕಿತ್ತು.

ತಿಂಡಿ ತಲುಪಿಸುವ ಆ್ಯಪಿನದು ಅರ್ಧ ಗೆಲುವು. ಹೆಸರು ಬೇಡ. ಬಿಲ್ಲಿನ ಐದನೇ ಒಂದು ಪಾಲಿಗೂ ಹೆಚ್ಚು ಕಮಿಷನ್ ಹೋಗುತ್ತಿತ್ತು, ಮೇಲೆ ರಿಯಾಯಿತಿಯ ಪಾಲು ಬೇರೆ. ಮಾರಾಟ ಏರಿದ್ದು ನೋಡಿ ಶೆಟ್ಟರು ಹಿಗ್ಗಿದರು. ತಿಂಗಳ ಕೊನೆಗೆ ಲೆಕ್ಕ ಇಟ್ಟಾಗ ಮೌನವಾದರು. ಜತೆಗೆ ದೋಸೆ ಪ್ರಯಾಣ ಮಾಡುವ ತಿಂಡಿಯೇ ಅಲ್ಲ. ಡಬ್ಬಿಯಲ್ಲಿ ಹತ್ತು ನಿಮಿಷಕ್ಕೆ ಒದ್ದೆಯಾಗಿ ಮುದುಡುತ್ತದೆ, ಗಿರಾಕಿ ಕಮ್ಮಿ ನಕ್ಷತ್ರ ಕೊಡುತ್ತಾನೆ. ಈಗ ಆ್ಯಪಿನಲ್ಲಿ ಇಡ್ಲಿ, ಪಾವ್‌ಭಾಜಿ, ಪುಲಾವ್ ಮಾತ್ರ ಇದೆ. ದೋಸೆ ಬೇಕಾದವರು ಬಂದು ಕೂರಬೇಕು.

ಎರಡನೇ ಅಲೆ ಮತ್ತು ಸರ್ಟಿಫಿಕೇಟು

2021ರ ಏಪ್ರಿಲ್ ಮೊದಲ ವಾರ ಮತ್ತೆ ಪಾರ್ಸೆಲ್ ಮಾತ್ರ ಎಂದಾಯಿತು. ಮೊದಲ ಸಲ ಹಿಟ್ಟು ಗೇಟು ಮುಟ್ಟಲು ವಾರಗಳು ಹಿಡಿದಿದ್ದವು. ಈ ಸಲ ಒಂದು ರಾತ್ರಿ. ವಾಟ್ಸ್‌ಆ್ಯಪ್ ಗುಂಪು ಇತ್ತು, ಖಾತೆ ಇತ್ತು, ವಾಚ್‌ಮನ್ ಪರಿಚಯದವನಾಗಿದ್ದ. ಅಭ್ಯಾಸ ಎಂದರೆ ಇಷ್ಟೇ ಇರಬೇಕು: ಯಾರನ್ನೂ ಕೇಳದೆ ಕೆಲಸ ಶುರುವಾಗುವುದು.

ಲಸಿಕೆಯ ಮಾತೇ ಬೇರೆ. ಹುಡುಗರು ಮೊದಲಿಗೆ ಒಲ್ಲೆ ಎಂದರು. ಊರಿನಿಂದ ಬರುತ್ತಿದ್ದ ವಾಟ್ಸ್‌ಆ್ಯಪ್ ವದಂತಿಗಳು ಒಂದು ಕಡೆ, ಮರುದಿನ ಜ್ವರ ಬಂದರೆ ಕೂಲಿ ಹೋಗುತ್ತದೆಂಬ ಚಿಂತೆ ಇನ್ನೊಂದು ಕಡೆ. ಜೂನ್‌ನಲ್ಲಿ ಸಂಜೆ 4ರವರೆಗೆ ಹೋಟೆಲು ತೆರೆಯಿತು. ಆಗಸ್ಟ್ 15ರಿಂದ ಎರಡು ನಿಯಮ ಒಟ್ಟಿಗೆ ಬಂದವು: ನೌಕರರೆಲ್ಲ ಎರಡು ಡೋಸು ಪಡೆದಿದ್ದರೆ ಹೋಟೆಲು ರಾತ್ರಿ 10ರವರೆಗೆ ತೆರೆದಿರಬಹುದು, ಎರಡನೇ ಡೋಸು ಆಗಿ 14 ದಿನ ಕಳೆದವರಿಗೆ ಲೋಕಲಿನ ಪಾಸು. ಮುಂಬಯಿಯವನಿಗೆ ಲೋಕಲ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮೊದಲ ಡೋಸನ್ನು ಮುಂದೂಡಿದವರು ಈಗ ಪರಿತಪಿಸಿದರು, ಏಕೆಂದರೆ ಕೋವಿಶೀಲ್ಡಿನ ಎರಡು ಡೋಸಿನ ನಡುವೆ 84 ದಿನ ಕಾಯಬೇಕಿತ್ತು. ಶೆಟ್ಟರು ಲಸಿಕೆಯ ಮರುದಿನದ ಸಂಬಳ ಕಡಿಯುವುದಿಲ್ಲ ಎಂದದ್ದೂ ಕೆಲಸ ಮಾಡಿತು. ಎಷ್ಟೋ ಪ್ರಚಾರ ಫಲಕಗಳು ಮಾಡದ್ದನ್ನು ಆ ಒಂದು ದಿನದ ಕೂಲಿ ಮಾಡಿತು ಎಂಬುದು ನನ್ನ ಅಂದಾಜು.

ಒತ್ತಾಯದ ಬಗ್ಗೆ ಈ ಪ್ರಾಂತಕ್ಕೆ ಹಳೆಯ ನೆನಪಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚ್‌ನಲ್ಲೂ ಮಹಾರಾಷ್ಟ್ರ ಹೊರತೆಗೆದದ್ದು. ಪುಣೆಯಲ್ಲಿ ಅಂದು ಸೈನಿಕರನ್ನು ಮನೆಯೊಳಗೆ ನುಗ್ಗಿಸಿ ತಪಾಸಣೆ ಮಾಡಿಸಿದ ಅಧಿಕಾರಿ ರ‍್ಯಾಂಡ್ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ. ಅದೇ ವರ್ಷ ಜನವರಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ತಾನು ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ನಮ್ಮವರ ನೆಚ್ಚಿನ ಮಾಟುಂಗಾ ಬಡಾವಣೆ ಕೂಡ ಪ್ಲೇಗಿನ ಮೇಲೆ ಊರು ಸುಧಾರಿಸಲೆಂದು 1898ರಲ್ಲಿ ಬಂದ ಇಂಪ್ರೂವ್‌ಮೆಂಟ್ ಟ್ರಸ್ಟಿನ ಕೂಸು. ರೋಗ ಹೋಗಿ ಬಡಾವಣೆ ಉಳಿಯಿತು.

ಏನು ತಳ್ಳಿತು, ಏನು ಹಿಡಿದಿಟ್ಟಿತು

2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಮುಷ್ಕರ ಹೂಡಿದರು. ಎರಡೇ ದಿನ, ಅದೂ ಕೆಲವು ನಿಲ್ದಾಣಗಳಷ್ಟೇ ಮುಚ್ಚಿದ್ದವು. ಬೇರೆ ದಾರಿ ಹಿಡಿಯಲೇಬೇಕಾದ ಪ್ರಯಾಣಿಕರ ಕಾರ್ಡಿನ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಆಮೇಲೆ ತೆಗೆದು ನೋಡಿದಾಗ ಸುಮಾರು ಶೇ. 5 ಜನ ಮುಷ್ಕರ ಮುಗಿದರೂ ಹಳೆಯ ದಾರಿಗೆ ಮರಳಿರಲಿಲ್ಲ. ಅವರಿಗೆ ಇನ್ನೂ ಒಳ್ಳೆಯ ದಾರಿ ಮೊದಲಿಂದಲೂ ಇತ್ತು, ಪ್ರಯತ್ನಿಸಿ ನೋಡಿರಲಿಲ್ಲ ಅಷ್ಟೆ. ಈ ಹೋಟೆಲಿಗೂ ಹೊಂದುವ ವಿವರಣೆ ಇದು. ಸಾಂಕ್ರಾಮಿಕ ಮಾಡಿದ್ದು ಹಳೆಯ ದಾರಿ ಮುಚ್ಚುವ ಕೆಲಸ. ಹಿಟ್ಟು ಮಾರುವುದು, ಹಿಂದಿನ ಬಿಲ್ಡಿಂಗಿನವರನ್ನು ಗಿರಾಕಿ ಎಂದು ಕಾಣುವುದು 2019ರಲ್ಲೂ ಲಾಭದ್ದೇ ಆಗಿತ್ತು. ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಶೆಟ್ಟರಿಗೆ ಆ ಕಡೆ ತಿರುಗಲು ಪುರುಸೊತ್ತಿರಲಿಲ್ಲ.

ಯಾರನ್ನು ನೋಡಿ ಕಲಿತರು ಎಂಬುದೂ ಮುಖ್ಯ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು 1943ರಲ್ಲಿ ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ ಪ್ರಕಟಿಸಿದರು. ಬೀಜದ ಸುದ್ದಿ ರೈತರಿಗೆ ಮೊದಲು ತಲುಪಿದ್ದು ಹೆಚ್ಚಾಗಿ ಮಾರಾಟಗಾರರಿಂದ, ಬಿತ್ತುವ ಧೈರ್ಯ ಬಂದದ್ದು ನೆರೆಯವರಿಂದ. 2016ರಲ್ಲಿ ಶೆಟ್ಟರಿಗೆ ಹೇಳಿದ್ದು ಕಂಪೆನಿಯ ಹುಡುಗ. 2020ರಲ್ಲಿ ಹೇಳಿದ್ದು ಹಿಟ್ಟು ಕೊಳ್ಳುವವರು ಮತ್ತು ಬಟಾಟೆ ಮಾರುವವನು, ಅಂದರೆ ನಾಳೆಯೂ ಮುಖ ನೋಡಬೇಕಾದವರು.

ಇದಕ್ಕೆ ನಾನು ಸೇರಿಸುವುದು ಲೆಕ್ಕದವನ ಒಂದು ಮಾತು. ಹೋಟೆಲಿನಲ್ಲಿ ಉಳಿದ ಪ್ರತಿಯೊಂದು ಹೊಸತಿನಲ್ಲೂ ಮಾಲಕರಲ್ಲದೆ ಇನ್ನೊಬ್ಬರಿಗೆ ಲಾಭವಿದೆ, ಆ ಇನ್ನೊಬ್ಬರು ಮರುದಿನ ಅದನ್ನೇ ಕೇಳುತ್ತಾರೆ. ಗಿರಾಕಿಗೆ ಚಾಕೊಲೇಟಿನ ಬದಲು ಮೂರು ರೂಪಾಯಿ ಉಳಿಯಿತು. ವೇಟರಿಗೆ ಸುಳ್ಳು ಸ್ಕ್ರೀನ್‌ಶಾಟಿನ ಬೈಗುಳ ತಪ್ಪಿತು. ಬ್ಯಾಂಕಿನವರಿಗೆ ಚಾಲ್ತಿ ಖಾತೆಯ ವಹಿವಾಟು ಕಂಡಿತು, ಓವರ್‌ಡ್ರಾಫ್ಟಿನ ಮಿತಿ ಏರಿಸಿದರು; ಶೆಟ್ಟರು ಮೊದಲು ಹೆದರಿದ್ದ ಅದೇ ತಾರೀಖುಗಳು ಸಾಲಕ್ಕೆ ಆಧಾರವಾದವು. ಗನ್ನು, ರಿಜಿಸ್ಟರು, ಮೆನು ಇವಕ್ಕೆ ಅಂಥ ಜೊತೆಗಾರರು ಇರಲಿಲ್ಲ. ಒಬ್ಬರ ಒಪ್ಪಿಗೆಯಿಂದ ಯಾವ ಅಭ್ಯಾಸವೂ ನಿಂತಿಲ್ಲ ಎಂದು ಈ ಒಂದು ಹೋಟೆಲಿನ ಪುಸ್ತಕ ಹೇಳುತ್ತದೆ. ಸ್ಟೇಷನ್ನಿನಿಂದ ದೂರದ, ಬಿಲ್ಡಿಂಗುಗಳಿಲ್ಲದ ಕಡೆಯ ಹೋಟೆಲಿನಲ್ಲಿ ಕಥೆ ಬೇರೆಯಾಗಿರಬಹುದು. ಶೆಟ್ಟರ ಗಲ್ಲಿಯಲ್ಲೇ ಬೇರೆ ಎರಡು ಉಡುಪಿ ಹೋಟೆಲುಗಳು ಮುಚ್ಚಿದವು ಎಂಬುದನ್ನೂ ಇಲ್ಲಿ ಬರೆದಿಡಬೇಕು. ಗ್ರೈಂಡರು ಅವರಲ್ಲೂ ಇತ್ತು, ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಹಿಟ್ಟು ನಿತ್ಯ ಹೋಗುತ್ತದೆ, ಶ್ರಾವಣದಲ್ಲಿ ಮತ್ತು ಜೈನರ ಉಪವಾಸದ ಹಬ್ಬವಾದ ಪರ್ಯುಷಣದ ಹೊತ್ತಿಗೆ ಪ್ರಮಾಣ ಬದಲಾಗುತ್ತದೆ. ಆ್ಯಪಿನ ಒಪ್ಪಂದ ನವೀಕರಿಸುವಾಗೆಲ್ಲ ಶೆಟ್ಟರು ಬಿಟ್ಟುಬಿಡುವ ಬೆದರಿಕೆ ಹಾಕುತ್ತಾರೆ, ಬಿಡುವುದಿಲ್ಲ. ಗಲ್ಲೆಗೆ ಬರುವ ನಗದು ಮೊದಲಿನದಕ್ಕೆ ಹೋಲಿಸಿದರೆ ಬಹಳ ಕಡಿಮೆ. ತಿಂಗಳಿಗೊಮ್ಮೆ ನಾನು ಸ್ಟೇಟ್‌ಮೆಂಟು ಹಿಡಿದು ಹೋದಾಗ ಅವರು ಕೇಳುವುದು ಒಂದೇ: ಯುಪಿಐ ಮೇಲೆ ವ್ಯಾಪಾರಿಗೆ ಶುಲ್ಕ ಹಾಕುತ್ತಾರಂತೆ, ಹೌದಾ? ಈವರೆಗೆ ಅವರ ಖಾತೆಯಲ್ಲಿ ಅಂಥ ಕಡಿತವಿಲ್ಲ, ಡಬ್ಬದ ಬಾಡಿಗೆ ಮಾತ್ರ ಹೋಗುತ್ತದೆ. ಹಾಕಿದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ.

"ಎಂತ ಮಾಡುವುದು ಮಾರಾಯ್ರೇ, ಇಡ್ಲಿಗೆ ಒಂದು ರೂಪಾಯಿ ಏರಿಸುವುದು. ಚಿಲ್ಲರೆಯ ಕಿರಿಕಿರಿ ಈಗ ಇಲ್ಲವಲ್ಲ" ಎಂದರು.